ಕಪ್ಪು ಬಿಡಿಸಲು ಬಂದವರು

ಪಾದ್ರಿ ಅಬೂನಾ ಮಿತ್ರಿ ಧೂಪದಾನಿ ಬೀಸುತ್ತಾ ಎರಡನೇ ಬೆಂಚಿನವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು. ಅಫೀಫೆಯ ತಲೆಯ ಮೇಲೆ ಒಂದು ಹಕ್ಕಿ ಕೂತಿತ್ತು. ಕಪ್ಪು ಹಕ್ಕಿ. ರೆಕ್ಕೆ ಅರ್ಧ ಬಿಚ್ಚಿ, ಕೊಕ್ಕು ಮುಂದೆ ಚಾಚಿ, ಗಾಜಿನ ಕಣ್ಣಿನಿಂದ ಪಾದ್ರಿಯನ್ನೇ ದುರುಗುಟ್ಟಿ ನೋಡುತ್ತಿತ್ತು. ಹಕ್ಕಿಯ ಕೆಳಗೆ ಕಪ್ಪು ವೆಲ್ವೆಟ್ಟಿನ ಟೋಪಿ, ಟೋಪಿಯಿಂದ ಮೂಗಿನ ತುದಿಯವರೆಗೆ ಇಳಿಬಿದ್ದ ಕಪ್ಪು ಜಾಲರಿ, ಜಾಲರಿಯ ಹಿಂದೆ ಎಪ್ಪತ್ತೊಂದು ವರ್ಷದ ಅಫೀಫೆಯ ಪರಮ ವಿನಯದ ಮುಖ. ಅಬೂನಾ ಸಾವರಿಸಿಕೊಂಡು ಧೂಪ ಬೀಸಿದರು. ಹೊಗೆ ಹೋಗಿ ಟೋಪಿಯ ಅಂಚಿನಡಿ ಸಿಕ್ಕಿಕೊಂಡಿತು. ಅಫೀಫೆ ಕೆಮ್ಮಿದಳು, ಹಕ್ಕಿ ತಲೆ ಆಡಿಸಿತು, ಹಾಡುವವರ ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ರಾಗ ತಪ್ಪಿದರು.

ಹಿಂದಿನ ಬೆಂಚಿನಿಂದ ಒಂದು ಊರುಗೋಲು ಬಂದು ಅವಳ ಬೆನ್ನಿಗೆ ತಿವಿಯಿತು.

"ಏಯ್, ತಲೆ ಬಗ್ಗಿಸೇ. ನನಗೆ ದೇವರೇ ಕಾಣ್ತಿಲ್ಲ!"

ಅದು ಅವಳ ಗಂಡನ ಅಕ್ಕ ಹನೀನೆ.

"ನಾನು ದುಃಖದಲ್ಲಿದ್ದೀನಿ ಅತ್ತಿಗೆ," ಎಂದಳು ಅಫೀಫೆ, ತಿರುಗದೆ.

"ನಿನ್ನ ದುಃಖಕ್ಕೆ ರೆಕ್ಕೆ ಬೇರೆ ಬಂದಿದೆ!"

ಅಫೀಫೆ ತಲೆ ಬಗ್ಗಿಸಲಿಲ್ಲ. ಬಗ್ಗಿಸಿದರೆ ಹಕ್ಕಿ ಮುಂದಿನ ಬೆಂಚಿನವರ ಕತ್ತು ಕುಕ್ಕುತ್ತಿತ್ತು.

ಬೈರೂತಿನ ಆ ಗುಡ್ಡದ ಕೇರಿಯಲ್ಲಿ ಗಂಡ ಸತ್ತವಳು ಕಪ್ಪನ್ನು ತಾನಾಗಿ ಕಳಚುವ ಹಾಗಿಲ್ಲ. ವರ್ಷ ತುಂಬಿದ ಮೇಲೆ ಗಂಡನ ಕಡೆಯವರೋ ತವರಿನವರೋ, ಯಾರಾದರೂ ಹಿರಿಯರು ಬಣ್ಣದ ಬಟ್ಟೆ ಹಿಡಿದು ಮನೆಗೆ ಬರಬೇಕು. ಸಾಕಮ್ಮಾ, ಇನ್ನು ಬಿಡು ಎನ್ನಬೇಕು. ಅವಳು ಬೇಡವೆನ್ನಬೇಕು. ಅವರು ಮತ್ತೆ ಹೇಳಬೇಕು, ಅವಳು ಮತ್ತೆ ಬೇಡವೆನ್ನಬೇಕು. ಮೂರನೇ ಸಲಕ್ಕೆ ಬಟ್ಟೆ ಅವಳ ಹೆಗಲ ಮೇಲೆ ಬೀಳಬೇಕು. ಇದಕ್ಕೆ ಕಪ್ಪು ಬಿಡಿಸುವುದು ಎನ್ನುತ್ತಾರೆ. ಯಾರೂ ಬಾರದೆ ತಾನೇ ಬಣ್ಣ ಉಟ್ಟವಳ ಕಥೆ ಮುಗಿದ ಹಾಗೆ. ಗಂಡ ಹೋಗಿದ್ದೇ ಅವಳಿಗೆ ಹಬ್ಬವಾಯಿತು ನೋಡಿ ಎಂದು ಬೇಕರಿಯವನಿಂದ ಹಿಡಿದು ಪಾದ್ರಿಯ ಹೆಂಡತಿಯವರೆಗೆ ಎಲ್ಲರೂ ಆಡಿಕೊಳ್ಳುತ್ತಾರೆ.

ಅಫೀಫೆಯ ಗಂಡ ಶುಕ್ರಿ ಸತ್ತು ವರ್ಷ ದಾಟಿತ್ತು. ಮಕ್ಕಳಿರಲಿಲ್ಲ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಶುಕ್ರಿಯ ಕಡೆಯಿಂದ ಉಳಿದಿದ್ದು ಹನೀನೆ ಒಬ್ಬಳೇ. ಬಂದರೆ ಅವಳೇ ಬರಬೇಕು. ಆದರೆ ಹನೀನೆ ಸ್ವತಃ ಮೂವತ್ತು ವರ್ಷದಿಂದ ಕಪ್ಪಿನಲ್ಲಿದ್ದವಳು. ಅವಳ ಗಂಡ ಇಸ್ಕಂದರ್ ಅಂತರ್ಯುದ್ಧದ ಕಾಲದಲ್ಲಿ ಹೃದಯ ನಿಂತು ಹೋಗಿದ್ದ. ಅಂದಿನಿಂದ ಅವಳ ಮೈಮೇಲೆ ಬೇರೆ ಬಣ್ಣ ಕಂಡವರಿಲ್ಲ. ಕೇರಿಯವರು ಹೊಸ ಮದುಮಗಳಿಗೆ ಅವಳನ್ನು ಬೆರಳು ಮಾಡಿ ತೋರಿಸಿ, ಹೆಂಗಸು ಅಂದರೆ ಹಾಗಿರಬೇಕು ಎನ್ನುತ್ತಿದ್ದರು. ಮದುಮಗಳು ಗಾಬರಿಯಾಗಿ ತಲೆ ಆಡಿಸುತ್ತಿದ್ದಳು.

ವರ್ಷ ತುಂಬಿದ ವಾರವೇ ಅಫೀಫೆ ಒಂದು ತಟ್ಟೆ ಪಾಲಕ್ ಕಡುಬು ಹಿಡಿದು ಅತ್ತಿಗೆಯ ಮನೆಗೆ ಹೋಗಿ ಸುಳಿವು ಕೊಟ್ಟಿದ್ದಳು.

"ವರ್ಷ ಆಯ್ತಲ್ಲ ಅತ್ತಿಗೆ."

"ನನಗೆ ಮೂವತ್ತಾಯ್ತು," ಎಂದು ಹನೀನೆ ಕಡುಬು ಮುರಿದು ಬಾಯಿಗಿಟ್ಟಳು. "ಉಪ್ಪು ಜಾಸ್ತಿ."

ಅಲ್ಲಿಗೆ ಆ ಮಾತು ಮುಗಿದಿತ್ತು.

ಅಫೀಫೆಗೆ ಬಣ್ಣದ ಹುಚ್ಚೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ ಒಂದು ಟೋಪಿ. ಮದುವೆಗೆ ಮುಂಚೆ ಅವಳು ಪೇಟೆಯಲ್ಲಿ ಮದಾಮ್ ಅರ್ಶಲೂಯ್ಸ್ ಎಂಬ ಅರ್ಮೇನಿಯನ್ ಹೆಂಗಸಿನ ಟೋಪಿ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಆಗ ಒಳ್ಳೆಯ ಮನೆತನದ ಹೆಂಗಸರು ಟೋಪಿ ಇಲ್ಲದೆ ಇಗರ್ಜಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ, ಈಸ್ಟರಿಗೆ ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆಂದು, ಅಂಗಡಿಯಲ್ಲಿ ಮಿಕ್ಕಿದ ಸಿಲ್ಕಿನಿಂದ ಅವಳು ತನಗೆ ತಾನೇ ಒಂದನ್ನು ಮಾಡಿಕೊಂಡಿದ್ದಳು. ಪಿಸ್ತಾ ಹಸಿರು. ಒಂದು ಪಕ್ಕ ಮೇಲೆದ್ದ ಅಗಲ ಅಂಚು, ಅಂಚಿನ ಮೇಲೆ ಕೆಂಪು ಚೆರ್ರಿ ಹಣ್ಣಿನ ಗೊಂಚಲು. ಆ ಹಬ್ಬದ ಹಿಂದಿನ ದಿನ ಗಂಡಿನ ಮನೆಯವರು ಊಟಕ್ಕೆ ಕರೆದಿದ್ದರು. ಅವಳು ಟೋಪಿ ಹಾಕಿಕೊಂಡೇ ಹೋದಳು. ಶುಕ್ರಿ ನೋಡಿ, "ಅಮ್ಮಾ, ಸಲಾಡ್ ಬಟ್ಟಲು ನಡ್ಕೊಂಡು ಬಂತು!" ಎಂದ. ಮೇಜಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಟೋಪಿಯನ್ನು ಡಬ್ಬಿಗೆ ಹಾಕಿದವಳು ಮತ್ತೆ ತೆಗೆಯಲಿಲ್ಲ.

ಶುಕ್ರಿ ಕೆಟ್ಟವನಲ್ಲ. ತಮಾಷೆ ಮಾಡದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ, ಅಷ್ಟೆ. ಯುದ್ಧ ಶುರುವಾಗಿ ಪೇಟೆ ಹೊತ್ತಿ ಉರಿದಾಗ ಮದಾಮ್ ಅರ್ಶಲೂಯ್ಸ್ ಅಂಗಡಿಯಲ್ಲಿದ್ದ ಟೋಪಿಗಳನ್ನೆಲ್ಲ ಟ್ಯಾಕ್ಸಿಗೆ ತುಂಬಿ ಅಫೀಫೆಯ ಮನೆಗೆ ಕಳಿಸಿದ್ದಳು. ಅವನ್ನು ನಾಲ್ಕು ಮಹಡಿ ಹೊತ್ತು ತಂದು ಮಂಚದ ಕೆಳಗೆ ಜೋಡಿಸಿದವನು ಶುಕ್ರಿಯೇ. "ಟೋಪಿ ಮೇಲೆ ಮಲಗೋ ಗಂಡ ಇಡೀ ಬೈರೂತಿನಲ್ಲಿ ನಾನೊಬ್ಬನೇ," ಎಂದು ನಲವತ್ತು ವರ್ಷ ಹೇಳಿಕೊಂಡು ತಿರುಗಿದ. ಅವನು ಹೋದ ಮೇಲೆ ಮನೆ ಎಷ್ಟು ಮೌನವಾಯಿತೆಂದರೆ ಅಫೀಫೆ ರೇಡಿಯೋದ ಹವಾಮಾನ ವರದಿಯ ಜೊತೆ ಜಗಳವಾಡತೊಡಗಿದಳು. ಅಂಥ ಒಂದು ಮಧ್ಯಾಹ್ನ ಹಸಿರು ಟೋಪಿಯನ್ನು ತೆಗೆದು ಕನ್ನಡಿಯ ಮುಂದೆ ತಲೆಗಿಟ್ಟುಕೊಂಡು ನೋಡಿದಳು. ಸರಿಯಾಗಿ ಕೂತಿತು. ಮುಖ ಹಳೆಯದಾಗಿತ್ತು, ಟೋಪಿ ಹೊಸದೇ ಆಗಿತ್ತು. ಇದನ್ನು ಹಾಕಿಕೊಂಡು ಒಂದು ಸಲ, ಒಂದೇ ಸಲ, ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ನಡೆಯಬೇಕು ಅನ್ನಿಸಿತು. ಮಂಡಿ ಆಗಲೇ ಕೈಕೊಡುತ್ತಿತ್ತು. ಇನ್ನೆಷ್ಟು ಹಬ್ಬಕ್ಕೆ ನಡೆಯುತ್ತೇನೋ ಎಂಬ ಹೆದರಿಕೆ ಅವಳಿಗೆ ನಿಜವಾಗಿಯೇ ಇತ್ತು.

ಹನೀನೆಯ ಮನೆಯಿಂದ ಖಾಲಿ ತಟ್ಟೆ ಹಿಡಿದು ಮೆಟ್ಟಿಲಿಳಿಯುವಾಗಲೇ ಅವಳ ತಲೆಗೆ ಹೊಳೆದದ್ದು. ಕಪ್ಪು ಉಡಬೇಕು ಎಂದಿದೆ, ಸರಿ. ಆದರೆ ಆ ಕಪ್ಪು ಯಾವ ಆಕಾರದಲ್ಲಿರಬೇಕು ಎಂದು ಯಾರೂ ಹೇಳಿಲ್ಲವಲ್ಲ.

ಮಂಚದ ಕೆಳಗಿನ ಡಬ್ಬಿಗಳಲ್ಲಿ ಅರ್ಧಕ್ಕರ್ಧ ಶೋಕದ ಟೋಪಿಗಳೇ. ಮದಾಮ್ ಅರ್ಶಲೂಯ್ಸ್‌ಗೆ ವಿಧವೆಯರೆಂದರೆ ಪ್ರಾಣ. "ಗಂಡ ಇದ್ದಾಗ ಹೆಂಗಸು ಟೋಪಿ ಕೊಳ್ಳೋಕೆ ಗಂಡನ್ನ ಕೇಳ್ತಾಳೆ ಕಣೇ," ಎನ್ನುತ್ತಿದ್ದಳು. "ಸತ್ತ ಮೇಲೆ ನನ್ನ ಕೇಳ್ತಾಳೆ."

ಮೊದಲ ಭಾನುವಾರ ಅಫೀಫೆ ಚಿಕ್ಕದೊಂದು ದುಂಡು ಟೋಪಿ ಹಾಕಿಕೊಂಡು ಹೋದಳು. ಪಾಪ, ಎಂಥ ಗಾಂಭೀರ್ಯ ಎಂದರು ಹೆಂಗಸರು. ಎರಡನೆಯ ವಾರ ಬಂದದ್ದು ಬಂಡಿಯ ಗಾಲಿಯಷ್ಟು ಅಗಲದ್ದು, ಜೊತೆಗೆ ಮೊಣಕೈವರೆಗಿನ ಕಪ್ಪು ಕೈಗವಸು, ಸೊಂಟ ಬಿಗಿದ ಐವತ್ತರ ದಶಕದ ಕಪ್ಪು ಕೋಟು. ಬೆಂಚಿನಲ್ಲಿ ಅವಳ ಆಚೀಚೆ ಯಾರೂ ಕೂರಲಾಗಲಿಲ್ಲ. ಮೂರನೆಯ ವಾರ ಆಸ್ಟ್ರಿಚ್ ಪುಕ್ಕ ಬಂತು. ಪಕ್ಕದ ಮನೆಯ ರೋಜೆಟ್ ಪ್ರಾರ್ಥನೆಯುದ್ದಕ್ಕೂ ಸೀನಿದಳು. ನಾಲ್ಕನೆಯ ವಾರ ಹಕ್ಕಿ. ಒಂದೊಂದೂ ಅಪ್ಪಟ ಕಪ್ಪು. ಒಂದು ದಾರ ಬೇರೆ ಬಣ್ಣದ್ದಿದೆ ಎಂದು ಯಾರೂ ತೋರಿಸುವ ಹಾಗಿರಲಿಲ್ಲ. ಇಷ್ಟು ಶುದ್ಧವಾಗಿ ಶೋಕ ಆಚರಿಸಿದವರೇ ಆ ಕೇರಿಯಲ್ಲಿ ಇರಲಿಲ್ಲ. ಹಕ್ಕಿಯನ್ನು ತಲೆಗೇರಿಸುವಾಗ ಮಾತ್ರ ಅಫೀಫೆಗೆ ಶುಕ್ರಿ ಬಹಳ ನೆನಪಾದ. ಇದ್ದಿದ್ದರೆ ಅದಕ್ಕೆ ಕಾಳು ಹಾಕದೆ ಬಿಡುತ್ತಿರಲಿಲ್ಲ.

ಅವಳು ಎಣಿಸದೇ ಇದ್ದದ್ದು ರೋಜೆಟ್‌ಳನ್ನು. ಹಕ್ಕಿ ಬಂದ ಮಾರನೆಯ ದಿನ ರೋಜೆಟ್ ಬಾಗಿಲಲ್ಲಿ ನಿಂತಿದ್ದಳು.

"ಆ ಪುಕ್ಕದ್ದು ನನಗೊಂದು ಭಾನುವಾರಕ್ಕೆ ಕೊಡೇ."

"ನಿನ್ನ ಗಂಡ ಇನ್ನೂ ಬದುಕಿದಾನಲ್ಲೇ!"

"ಅದು ನನ್ನ ತಪ್ಪಾ?"

ಅಫೀಫೆ ಕೊಟ್ಟಳು. ರೋಜೆಟ್ ಆ ಭಾನುವಾರ ಪುಕ್ಕದ ಟೋಪಿ ತೊಟ್ಟು ರಾಣಿಯ ಹಾಗೆ ಇಗರ್ಜಿಗೆ ಹೋದಳು. ಅವಳ ಗಂಡ ಫದ್ಲೊ ಕೇರಿಯ ಕ್ಷೌರಿಕ. ಹೆಂಡತಿಯನ್ನು ಆ ವೇಷದಲ್ಲಿ ನೋಡಿದ ಗಳಿಗೆಯಿಂದ ಅವನಿಗೆ ಬಿಕ್ಕಳಿಕೆ ಹಿಡಿಯಿತು. ಸೋಮವಾರ ಅಂಗಡಿಯಲ್ಲೂ ನಿಲ್ಲಲಿಲ್ಲ. ಕೈಯಲ್ಲಿ ಕತ್ತಿ, ಗಂಟಲಲ್ಲಿ ಬಿಕ್ಕಳಿಕೆ. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಗಳು ನೊರೆ ಸಮೇತ ಎದ್ದು ಹೋದರು. "ಅವಳು ನನ್ನ ಸಾವಿಗೆ ಅಳತೆ ತಗೋತಿದಾಳೆ," ಎಂದು ಫದ್ಲೊ ಬಂದವರಿಗೆಲ್ಲ ಹೇಳಿದ. ಆ ವಾರ ಇನ್ನೂ ಇಬ್ಬರು ಹೆಂಗಸರು ಟೋಪಿ ಕೇಳಿಕೊಂಡು ಅಫೀಫೆಯ ಮನೆ ಹತ್ತಿದರೆಂದು ಸುದ್ದಿಯಾದಾಗ, ಕೇರಿಯ ಗಂಡಸರು ಒಟ್ಟಾಗಿ ಪಾದ್ರಿಯ ಬಳಿ ಹೋದರು.

ಅಬೂನಾ ಮಿತ್ರಿ ಅಫೀಫೆಯ ಮನೆಗೆ ಬಂದು, ಕೊಟ್ಟ ಕಾಫಿ ಕುಡಿದು, ಗಡ್ಡ ನೀವಿಕೊಂಡರು.

"ನೋಡಮ್ಮಾ, ಗಂಡಂದಿರು ಬದುಕಿರುವಾಗಲೇ ಹೆಂಡಿರು ವಿಧವೆಯರಾಗ್ತಿದಾರೆ. ಫದ್ಲೊ ನನ್ನ ಹತ್ರ ಬಂದು ಕಡೇ ಪ್ರಾರ್ಥನೆ ಕೇಳಿದ. ಸಾಕು, ಬಣ್ಣ ಹಾಕ್ಕೊಂಡುಬಿಡು."

"ಅಯ್ಯೋ, ಶಾಸ್ತ್ರ ಹೇಗೆ ಬಿಡ್ಲಿ ಅಬೂನಾ? ಹಿರಿಯರು ಬರಬೇಕು, ಹೇಳಬೇಕು."

"ಹೋಗ್ಲಿ, ಆ ಹಕ್ಕೀನಾದ್ರೂ ಬಿಡು."

"ಹಕ್ಕಿ ಮುಗೀತು. ಗರಿಗಳ ಭಾನುವಾರಕ್ಕೆ ಬೇರೆ ತೆಗೆದಿಟ್ಟಿದ್ದೀನಿ."

ಅಬೂನಾ ಅನುಮಾನದಿಂದ ಕೇಳಿದರು. "ಅದರ ಮೇಲೇನಿದೆ?"

"ಹಡಗು."

"ಕಪ್ಪೇನಾ?"

"ಹಾಯಿ ಸಮೇತ ಕಪ್ಪು."

ಅಬೂನಾ ಎದ್ದು ನೇರವಾಗಿ ಹನೀನೆಯ ಮನೆಗೆ ಹೋದರು.

ಶನಿವಾರ ಮಧ್ಯಾಹ್ನ ಮೆಟ್ಟಿಲಲ್ಲಿ ಊರುಗೋಲಿನ ಸದ್ದಾಯಿತು. ಕರೆಂಟು ಇರಲಿಲ್ಲ, ಲಿಫ್ಟ್ ನಿಂತಿತ್ತು. ಎಂಬತ್ತೆರಡರ ಹನೀನೆ ಪ್ರತಿ ಮಹಡಿಯಲ್ಲೂ ನಿಂತು, ಕರೆಂಟಿನವರಿಗೆ, ಮನೆ ಕಟ್ಟಿದವನಿಗೆ, ಕೊನೆಗೆ ನಾಲ್ಕನೇ ಮಹಡಿಯಲ್ಲಿ ಮನೆ ಹಿಡಿದ ತನ್ನ ತಮ್ಮನಿಗೆ ಶಾಪ ಹಾಕುತ್ತಾ ಹತ್ತಿ ಬಂದಳು. ಅಫೀಫೆ ಓಡಿಹೋಗಿ ಬಾಗಿಲು ತೆಗೆದು, ಆಶ್ಚರ್ಯಪಟ್ಟವಳ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಶೋಕದ ಮನೆಯಲ್ಲಿ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಹಾಗೆಯೇ ಕಹಿಯಾಗಿ ಮಾಡಿ ತಂದಿಟ್ಟಳು.

ಹನೀನೆ ಉಸಿರು ತಿರುಗಿಸಿಕೊಂಡು, ತೊಡೆಯ ಮೇಲಿನ ಕೈಚೀಲವನ್ನು ಗಟ್ಟಿಯಾಗಿ ಹಿಡಿದಳು.

"ನಾನ್ಯಾಕೆ ಬಂದೆ ಅಂತ ಗೊತ್ತಲ್ಲ."

"ಗೊತ್ತಿಲ್ಲ ಅತ್ತಿಗೆ."

"ಗೊತ್ತಿಲ್ವಂತೆ! ಇಡೀ ಕೇರಿಗೆ ಬೆಂಕಿ ಇಟ್ಟು ಗೊತ್ತಿಲ್ವಂತೆ. ಸಾಕು. ಕಪ್ಪು ಬಿಡು."

"ಅಯ್ಯೋ, ಬೇಡ. ಶುಕ್ರಿ ಹೋದ ಮೇಲೆ ನನಗ್ಯಾಕೆ ಬಣ್ಣ?"

"ಒಂದಾಯ್ತು," ಎಂದಳು ಹನೀನೆ. "ಬಿಡೇ ಕಪ್ಪು."

"ಬೇಡ ಅತ್ತಿಗೆ..."

ಶಾಸ್ತ್ರಕ್ಕೆಂದು ಶುರುಮಾಡಿದ ಮಾತು ಅರ್ಧಕ್ಕೇ ನಿಂತಿತು. ಅಫೀಫೆಗೆ ಇದ್ದಕ್ಕಿದ್ದಂತೆ ಅಳು ಬಂತು. ಕಪ್ಪು ಬಿಟ್ಟರೆ ಶುಕ್ರಿ ನಿಜವಾಗಿಯೂ ಹೋದ ಹಾಗೆ. ಇಷ್ಟು ವಾರ ಹಠದಲ್ಲಿ ಅದು ಅವಳಿಗೆ ಹೊಳೆದಿರಲಿಲ್ಲ. ಹನೀನೆ ಕೈಚೀಲದ ಕೊಂಡಿ ಬಿಚ್ಚಿದಳು.

"ಅಳು, ಅಳು," ಎಂದಳು ಆಮೇಲೆ, ಸ್ವಲ್ಪ ಮೆತ್ತಗೆ. "ನನ್ನ ತಮ್ಮ ಅಳೋಕೆ ಲಾಯಕ್ಕಾದವನೇ. ಆದ್ರೂ ಸಾಕು."

ಕೈಚೀಲದಿಂದ ಒಂದು ರೇಷ್ಮೆಯ ಶಾಲು ತೆಗೆದು ಅವಳ ಹೆಗಲಿಗೆ ಹೊದಿಸಿದಳು. ದಾಳಿಂಬೆ ಹೂವಿನ ಕೆಂಪು. ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ ಹರಡಿತು.

ಅಫೀಫೆ ಕಣ್ಣೊರೆಸಿಕೊಂಡು ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಬಟ್ಟೆ ಕಂಡರೆ ಮುಟ್ಟಿ ನೋಡುವುದು ಅಂಗಡಿಯಲ್ಲಿ ಕಲಿತ ಚಾಳಿ. ಒಳ್ಳೆಯ ರೇಷ್ಮೆ. ಒಮ್ಮೆಯೂ ಹೊದ್ದದ್ದಲ್ಲ. ಆದರೆ ಮಡಿಕೆಯ ಗೆರೆಗಳುದ್ದಕ್ಕೂ ಬಣ್ಣ ಬಿಳಚಿಕೊಂಡು, ಎಳೆ ಹಿಂಜಿದಂತಾಗಿತ್ತು. ಎಷ್ಟೋ ವರ್ಷ ಒಂದೇ ಮಡಿಕೆಯಲ್ಲಿ ಬಿದ್ದಿದ್ದರೆ ಮಾತ್ರ ಹಾಗಾಗುತ್ತದೆ.

"ಇದನ್ನ ಎಲ್ಲಿಂದ ತಂದ್ರಿ ಅತ್ತಿಗೆ?"

"ಅಂಗಡಿಯಿಂದ. ಇನ್ನೆಲ್ಲಿಂದ ತರ್ತಾರೆ?"

"ಯಾವ ಅಂಗಡಿ?"

"ಮುಚ್ಚಿಹೋಯ್ತು."

"ಯಾವಾಗ ತಂದ್ರಿ?"

ಹನೀನೆ ಕಾಫಿ ಬಟ್ಟಲನ್ನು ಎತ್ತಿದಳು, ಕುಡಿಯಲಿಲ್ಲ, ಇಟ್ಟಳು.

"ಇಸ್ಕಂದರ್ ಹೋಗಿ ವರ್ಷ ತುಂಬಿದಾಗ. ಕಪ್ಪು ಬಿಡಿಸೋಕೆ ಬರೋರು ಬರಿಗೈಲಿ ಬಂದ್ರೆ ನಾಲ್ಕು ಜನರ ಮುಂದೆ ಅವಮಾನ ಆಗ್ಬಾರ್ದಲ್ಲ. ಅಡುಗೆಮನೆಗೆ ಕರೆದು ಮೆಲ್ಲಗೆ ಅವರ ಕೈಗೆ ಕೊಡೋಣ ಅಂತ ನಾನೇ ತಂದಿಟ್ಟಿದ್ದೆ."

ಅಫೀಫೆ ಶಾಲಿನ ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿದಳು.

"ಆ ವರ್ಷ ರಸ್ತೆ ಮುಚ್ಚಿತ್ತು. ಗುಂಡು ಹಾರ್ತಿತ್ತು, ಯಾರು ಬರ್ತಾರೆ? ಇಸ್ಕಂದರನ ತಮ್ಮಂದಿರು, ಶುಕ್ರಿ ಹೋಗಿರ್ತಾನೆ ಅಂದ್ಕೊಂಡ್ರು. ಶುಕ್ರಿ, ಅವರು ಹೋಗಿರ್ತಾರೆ ಅಂದ್ಕೊಂಡ. ನಾನು ಪ್ರತಿ ಭಾನುವಾರ ಮನೆ ಒರೆಸಿ, ಬಿಸ್ಕತ್ತು ತಂದಿಟ್ಕೊಂಡು ಕೂತಿರ್ತಿದ್ದೆ. ಆಮೇಲೆ ಒಬ್ಬಳೇ ತಿಂತಿದ್ದೆ." ಹನೀನೆ ಊರುಗೋಲಿನ ತುದಿಯಿಂದ ನೆಲದ ಹಾಸುಗಲ್ಲನ್ನು ಮೆಲ್ಲಗೆ ಕುಟ್ಟಿದಳು. "ರಸ್ತೆ ತೆರೆಯೋ ಹೊತ್ತಿಗೆ ಎಲ್ಲರೂ ಶುರುಮಾಡಿದ್ರು. ಹನೀನೆ ಎಂಥ ಪತಿವ್ರತೆ, ಬಣ್ಣ ಮುಟ್ಟಲ್ಲ ಅಂತ. ಹಾಗಂದ್ಮೇಲೆ ನಾನಿನ್ನೇನು ಮಾಡ್ಲಿ?"

ಹಾಗೆ ಮೊದಲು ಹೇಳಿದ್ದು ಯಾರೆಂದು ಅಫೀಫೆಗೆ ಗೊತ್ತಿತ್ತು. ಯಾರದೋ ಮದುವೆಯಲ್ಲಿ, ಹತ್ತು ಜನರ ಮಧ್ಯೆ, ನಮ್ಮ ಅತ್ತಿಗೆ ಅಂಥವಳು ಎಂದು ಹೆಮ್ಮೆಯಿಂದ ಕೊಚ್ಚಿಕೊಂಡವಳು ಅವಳೇ. ಅವಳಿಗೆ ನಾಚಿಕೆಯಾಯಿತು. ಆಮೇಲಾಮೇಲೆ ಈ ಮುದುಕಿಯ ಕಪ್ಪನ್ನು ಬರೀ ಮೊಂಡುತನ ಎಂದುಕೊಂಡಿದ್ದಳು.

ಮಂಡಿ ಹಿಡಿದುಕೊಂಡು ಎದ್ದು ಮಲಗುವ ಕೋಣೆಗೆ ಹೋದಳು. ಮಂಚದ ಕೆಳಗೆ ಬಗ್ಗಲು ಆಗಲಿಲ್ಲ. ಶುಕ್ರಿಯ ಕೊಡೆಯ ಹಿಡಿಯಿಂದ ಡಬ್ಬಿಯನ್ನು ಎಳೆದು ತೆಗೆದಳು. ಪಿಸ್ತಾ ಹಸಿರಿನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅತ್ತಿಗೆಯ ಎದುರು ನಿಂತಳು.

"ಸಾಕು ಅತ್ತಿಗೆ," ಎಂದಳು. "ಇನ್ನು ಬಿಡಿ."

ಎರಡು ಸಲ ಬೇಡ ಎನ್ನಿಸಿಕೊಳ್ಳಲು ಅವಳು ಸಿದ್ಧಳಾಗಿಯೇ ನಿಂತಿದ್ದಳು. ಹನೀನೆಯ ವಿಷಯದಲ್ಲಿ ಎರಡಲ್ಲ, ಹತ್ತಾದರೂ ಆಶ್ಚರ್ಯವಿರಲಿಲ್ಲ. ಹನೀನೆ ಕಣ್ಣು ಕಿರಿದು ಮಾಡಿ ಟೋಪಿಯನ್ನು ದಿಟ್ಟಿಸಿದಳು.

"ಶುಕ್ರಿ ಸಲಾಡ್ ಬಟ್ಟಲು ಅಂದಿದ್ದು ಇದಕ್ಕೇ ಅಲ್ವಾ?"

"ಇದಕ್ಕೇ."

"ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು."

"ನೆನಪಿದೆ."

"ಹೊಟ್ಟೆಕಿಚ್ಚು ಕಣೇ," ಎಂದಳು ಹನೀನೆ. ಗಲ್ಲದ ಕೆಳಗಿನ ಗಂಟು ಬಿಚ್ಚಿ, ಕಪ್ಪು ತಲೆವಸ್ತ್ರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆಯನ್ನು ಮುಂದೆ ಬಾಗಿಸಿದಳು. ಒಂದು ಸಲವೂ ಬೇಡ ಎನ್ನಲಿಲ್ಲ.

ಅಫೀಫೆ ಟೋಪಿಯನ್ನು ಇಟ್ಟು, ಬಲಗಡೆಗೆ ಒಂದಿಷ್ಟು ವಾಲಿಸಿ, ಎರಡು ಪಿನ್ನು ಚುಚ್ಚಿದಳು. ಹಿಂದೆ ಸರಿದು ನೋಡಿದಳು. ಅವಳಿಗಿಂತ ಹನೀನೆಗೇ ಚೆನ್ನಾಗಿ ಒಪ್ಪುತ್ತಿತ್ತು.

"ಈಸ್ಟರಿಗೆ ನನಗೆ ವಾಪಸ್ಸು," ಎಂದಳು.

"ನೋಡೋಣ," ಎಂದಳು ಹನೀನೆ, ಗೋಡೆಯ ಕನ್ನಡಿಯತ್ತ ತಿರುಗಿ. "ಕಾಫಿ ಆರಿಹೋಯ್ತು. ಬೇರೆ ಮಾಡು. ಸಕ್ಕರೆ ಹಾಕು, ಜಿಪುಣತನ ಮಾಡ್ಬೇಡ."

ಮಾರನೆಯ ದಿನ ಮಕ್ಕಳು ಹೊಸ ಬಟ್ಟೆ ತೊಟ್ಟು, ಹೂ ಕಟ್ಟಿದ ಮೇಣದ ಬತ್ತಿ ಹಿಡಿದು ಇಗರ್ಜಿಯ ಅಂಗಳದ ತುಂಬ ಓಡಾಡುತ್ತಿದ್ದರು. ಮೆರವಣಿಗೆ ಮೂರು ಸುತ್ತು ಬಂತು. ಮಕ್ಕಳ ಹಿಂದೆ, ಇಬ್ಬರು ಮುದುಕಿಯರು ಒಂದೇ ಊರುಗೋಲು, ಒಂದೇ ಮಂಡಿನೋವು ಹಂಚಿಕೊಂಡವರಂತೆ ತೋಳು ಹಿಡಿದು ನಡೆದರು. ಅಫೀಫೆಯ ತಲೆಯ ಮೇಲೆ ಹೇಳಿದ ಹಾಗೆ ಹಡಗೇ ಇತ್ತು. ಕಪ್ಪು ಹಾಯಿಯನ್ನು ಬಿಚ್ಚಿ, ಅದರ ಜಾಗದಲ್ಲಿ ದಾಳಿಂಬೆ ಕೆಂಪಿನ ಶಾಲನ್ನು ಕಟ್ಟಿದ್ದಳು. ಗಾಳಿ ಬಂದಾಗ ಅದು ಉಬ್ಬುತ್ತಿತ್ತು. ಫದ್ಲೊ ದೂರದಿಂದ ನೋಡಿದ. ಅವನ ಬಿಕ್ಕಳಿಕೆ ನಿಂತಿತ್ತು.

ಒಳಗೆ ಹನೀನೆ ತನ್ನ ಹಳೆಯ ಬೆಂಚಿಗೆ ಹೋಗದೆ ಎರಡನೇ ಬೆಂಚಿನಲ್ಲಿ ಅಫೀಫೆಯ ಪಕ್ಕವೇ ಕೂತಳು. ಅಬೂನಾ ಧೂಪ ಬೀಸುತ್ತಾ ಬಂದು, ಅರೆಗಳಿಗೆ ನಿಂತು, ಹನೀನೆಯ ಕಡೆಗೆ ಇನ್ನೊಮ್ಮೆ ಬೀಸಿ ಮುಂದೆ ಹೋದರು. ಹಿಂದಿನ ಬೆಂಚಿನಿಂದ ರೋಜೆಟ್ ಬಗ್ಗಿ ಪಿಸುಗುಟ್ಟಿದಳು.

"ಮದಾಮ್ ಹನೀನೆ, ಸ್ವಲ್ಪ ತಲೆ ಬಗ್ಗಿಸ್ತೀರಾ? ಮುಂದೇನೂ ಕಾಣ್ತಿಲ್ಲ."

ಹನೀನೆ ಕೈಯೆತ್ತಿ ಚೆರ್ರಿ ಗೊಂಚಲನ್ನು ಮುಟ್ಟಿ ನೋಡಿಕೊಂಡಳು. ಟೋಪಿ ಜಾರಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನಷ್ಟು ನೆಟ್ಟಗೆ ಕೂತಳು.